ಅಕ್ಕ ನನಗಾಗಿ ಎತ್ತಿಟ್ಟ ಮಾತ್ರೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಡಾಕ್ಟರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಸಿಸ್ಟರೇ, ಆಸ್ಪತ್ರೆಯ ಸಿಬ್ಬಂದಿಯೇ, ಸಭಿಕರೇ,

ನಾನು ಮೈಕು ಹಿಡಿದದ್ದು ಇದೇ ಮೊದಲು. ಮಾತು ಮರೆಯಬಾರದೆಂದು ಚೀಟಿ ಬರೆದು ತಂದಿದ್ದೇನೆ. ಮುಂದೆ ಮೇಜಿದೆ, ಚೀಟಿ ನಿಮಗೆ ಕಾಣುವುದಿಲ್ಲ, ನಾನು ಬದುಕಿದೆ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದು ಕಾಜಾ ಹಾಕುತ್ತಿದ್ದಳು. ಅವಳಿಗೆ ಕ್ಷಯ ಎಂದು ಗೊತ್ತಾದಾಗ ಈ ಸಿಸ್ಟರು ವಾರಕ್ಕಾಗುವಷ್ಟು ಮಾತ್ರೆ ಕೊಟ್ಟು, "ಮೂತ್ರ ಕೆಂಪಗೆ ಹೋಗುತ್ತೆ. ರಕ್ತ ಅಂತ ಹೆದರಬೇಡ, ಅದು ಮಾತ್ರೆಯ ಬಣ್ಣ" ಎಂದಿದ್ದರು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಕೆನ್ನೆ ತುಂಬಿತು. ಆಗ ಅಕ್ಕ ಏನು ಮಾಡಿದಳು? ಮಾತ್ರೆ ನುಂಗುವುದು ಬಿಟ್ಟು, ಗುಂಡಿಗಳ ಡಬ್ಬಿಯಲ್ಲಿ ಕೂಡಿಡತೊಡಗಿದಳು.

ಒಂದು ದಿನ ಸಿಸ್ಟರು ಕೇಳಿದರು, "ಬಣ್ಣ ಹೇಗಿದೆಯಮ್ಮಾ?"

ಅಕ್ಕ ಹೆಮ್ಮೆಯಿಂದಲೇ ಅಂದುಬಿಟ್ಟಳು, "ನೀರಿನ ಹಾಗಿದೆ ಸಿಸ್ಟರ್!"

"ಹಾಗಾದರೆ ಮಾತ್ರೆ ಎಲ್ಲಿ ಹೋದವು?"

"ತಂಗಿಗೆ ಎತ್ತಿಟ್ಟಿದ್ದೀನಿ. ಇರೋದು ಒಂದೇ ಕೋಣೆ, ಒಂದೇ ಚಾಪೆ. ನಾಳೆ ಅವಳಿಗೂ ಬಂದರೆ?"

"ಅಯ್ಯೋ ಪೆದ್ದೀ! ಅರ್ಧ ಸತ್ತ ರೋಗ ಎದ್ದು ಕೂತರೆ ಆಮೇಲೆ ಈ ಮಾತ್ರೆಗೆ ಬಗ್ಗಲ್ಲ. ಅದೇ ಹಟಮಾರಿ ರೋಗ ಅವಳಿಗೂ ಅಂಟುತ್ತೆ. ಅವಳಿಗೆ ಬರದ ಹಾಗೆ ತಡೆಯೋಕೆ ಬೇರೆ ಮಾತ್ರೆನೇ ಇದೆ, ಒಂದು ಮಾತು ಕೇಳಬಾರದಿತ್ತಾ?"

ಅಕ್ಕನ ಕಫ ಮತ್ತೆ ಪರೀಕ್ಷೆಗೆ ಹೋಯಿತು. ಫಲಿತಾಂಶ ಬರುವವರೆಗೆ ಅವಳು ನನ್ನನ್ನು ಹತ್ತಿರ ಸೇರಿಸಲಿಲ್ಲ, ಬಾಗಿಲಾಚೆ ಮಲಗಿದಳು. ನಮ್ಮ ಪುಣ್ಯ, ರೋಗ ಇನ್ನೂ ಮಾತ್ರೆಗೆ ಬಗ್ಗುತ್ತಿತ್ತು. ನನ್ನನ್ನೂ ಪರೀಕ್ಷಿಸಿ, ರೋಗವಿಲ್ಲ ಎಂದು ಖಚಿತವಾದ ಮೇಲೆ ತಡೆಯುವ ಮಾತ್ರೆ ಶುರು ಮಾಡಿದರು.

ಅಲ್ಲಿಂದಾಚೆಗೆ ದಿನಾ ಬೆಳಿಗ್ಗೆ ಇಬ್ಬರೂ ಇಲ್ಲಿಗೇ ಬಂದು, ಸಿಸ್ಟರ ಕಣ್ಣೆದುರೇ ನುಂಗಬೇಕು. "ಬಾಯಿ ತೆಗಿ. ನಾಲಿಗೆ ಎತ್ತು." ಅಕ್ಕನಿಗೆ ಹಿಡಿ ಮಾತ್ರೆ, ನನಗೆ ಒಂದೇ. "ನಿನಗೆ ಮೋಸವಾಯ್ತಲ್ಲೇ!" ಎಂದು ಅವಳು ಕಿಚಾಯಿಸುತ್ತಿದ್ದಳು. ಆಮೇಲೆ ಕೈ ಹಿಡಿದುಕೊಂಡು ಅಂಗಡಿಗೆ ನಡೆಯುತ್ತಿದ್ದೆವು. ಕಾಯಿಲೆಯ ಕಾಲ ಮತ್ತೆ ಬರಲಿ ಎಂದು ಯಾರಾದರೂ ಬಯಸುತ್ತಾರೆಯೇ? ಕಾಯಿಲೆ ಬೇಡ, ಆ ಬೆಳಗುಗಳು ಮಾತ್ರ ಬೇಕು. ಇನ್ನೂ ದುಡಿದು ದಣಿದಿರದ ಅಕ್ಕ ನನಗೆ ಸಿಕ್ಕಿದ್ದು ಆಗ ಮಾತ್ರ.

ಅಕ್ಕನಿಗೆ ಪೂರ್ತಿ ಗುಣವಾದ ದಿನ ನಾನು ಅತ್ತುಬಿಟ್ಟೆ. "ನಾಳೆಯಿಂದ ಬರೋದು ಬೇಡ್ವಾ?"

"ಬೇಡ. ಇನ್ನೊಂದು ಸಲ ಇಬ್ಬರೂ ಈ ಮೆಟ್ಟಿಲು ಹತ್ತಿದ್ರೆ ನೋಡಿ!" ಎಂದು ಸಿಸ್ಟರು ಗದರಿದರು. ಗದರಿ, ಕನ್ನಡಕ ಒರೆಸಿಕೊಂಡರು.

ಸಿಸ್ಟರ್, ನಿಮ್ಮ ಮಾತು ನಾವು ಮೀರಿರಲಿಲ್ಲ. ಇವತ್ತು ನಾನು ಮೀರಿದ್ದೇನೆ. ಅಕ್ಕ ಇನ್ನೂ ಮೆಟ್ಟಿಲ ಕೆಳಗೇ ನಿಂತಿದ್ದಾಳೆ. "ಬೈತಾರೆ ಕಣೇ, ಮೊದಲು ನೀನು ಹೋಗು" ಅಂದಳು. ನೀವೇ ಒಂದು ಸಲ ಕೂಗಿ ಕರೆಯಿರಿ, ಬರುತ್ತಾಳೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನನ್ನ ವಂದನೆ. ನಮಸ್ಕಾರ.