ಗುಡಿಸುವ ಸರದಿಯ ಹಲಗೆ

ಶ್ಟುಟ್‌ಗಾರ್ಟಿನ ಟ್ರಾಮ್ ನಿಲ್ದಾಣದಲ್ಲಿ ಜರ್ಮನ್ ಮುದುಕಿ ಗೆರ್ಲಿಂಡೆಯ ಪಕ್ಕ ಬೆಂಚಿನಲ್ಲಿ ಕೂತು ಇಬ್ಬರು ತುರ್ಕಿ ಹೆಂಗಸರು ಜರ್ಮನ್‌ನಲ್ಲೇ ಹರಟುತ್ತಿದ್ದರು.

"ನಮ್ ಬಿಲ್ಡಿಂಗಿಗೆ ಬಂದಿರೋ ಸಿರಿಯಾದವರ ಕತೆ ಕೇಳಕ್ಕ. ಈ ವಾರ ಮೆಟ್ಟಿಲು ಗುಡಿಸೋ ಸರದಿ ನಿಮ್ದು ಅಂತ ಬಾಗಿಲಿಗೆ ಹಲಗೆ ನೇತುಹಾಕಿದ್ರೆ, ಉಡುಗೊರೆ ಅಂದ್ಕೊಂಡು ಒಳಗೆ ಗೋಡೆಗೆ ತಗಲಾಕ್ಕೊಂಡವ್ರೆ!"

"ಅಯ್ಯೋ ಕರ್ಮವೇ!"

"ಬಾಗಿಲ ಮುಂದೆ ಚಪ್ಪಲಿ ರಾಶಿ ಬೇರೆ. ಎಲ್ಲಿಂದ ಬಂದು ಸೇರ್ಕೋತಾವೋ! ನಮ್ ಏರಿಯಾನೇ ಕುಲಗೆಟ್ಟು ಹೋಯ್ತು."

"ನೆಸ್ರಿನ್, ಬಂದ ಹೊಸದ್ರಲ್ಲಿ ನಿಮ್ಮಮ್ಮ ಆ ಹಲಗೆ ಮೇಲೆ ಈರುಳ್ಳಿ ಹೆಚ್ತಿದ್ರಲ್ಲೇ?"

"ಆಗ ನಮಗ್ಯಾರೂ ಹೇಳ್ಕೊಟ್ಟಿರ್ಲಿಲ್ಲ ಅಕ್ಕ."

"ಇವರಿಗೆ ನೀನು ಹೇಳ್ಕೊಟ್ಯಾ?"

"ನನಗೇನು ಗ್ರಹಚಾರ! ಬಾಗಿಲಿಗೊಂದು ಖಾರವಾದ ಚೀಟಿ ಅಂಟಿಸಿ ಬಂದೆ."

ಟ್ರಾಮ್ ಬಂತು, ಇಬ್ಬರೂ ಹತ್ತಿದರು.

‘ಚೀಟಿ ಅಂಟಿಸೋದನ್ನಾದ್ರೂ ನಮ್ಮಿಂದ ಸರಿಯಾಗಿ ಕಲಿತವೆ’ ಎಂದುಕೊಂಡ ಗೆರ್ಲಿಂಡೆ, ಅವರು ಕೂತಿದ್ದ ಜಾಗವನ್ನು ಕರವಸ್ತ್ರದಿಂದ ಒರೆಸಿ ತನ್ನ ಚೀಲವಿಟ್ಟಳು.