ಹೆಸರೂದುವ ದುಂಡವ್ವನ ಒಸಡು

ಹತ್ತಿರ ಬನ್ನಿ. ಇನ್ನೂ ಹತ್ತಿರ ಬನ್ನಿ. ಇದು ದೂರ ಕೂತು ಕೇಳುವ ಕತೆಯಲ್ಲ.

ಒಂದಾನೊಂದು ಸೀಮೆ. ಯಾವ ಸೀಮೆ ಅಂತ ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ. ಆ ಸೀಮೆಯಲ್ಲಿ ಒಂದು ಊರು, ಆ ಊರಿನಲ್ಲಿ ಒಂದು ಪದ್ಧತಿ. ಕೂಸು ಹುಟ್ಟಿದ ಹದಿಮೂರನೆಯ ದಿನ ಅದರ ಕಿವಿಯಲ್ಲಿ ಹೆಸರು ಊದಬೇಕು. ಒಂದು ಸಲವಲ್ಲ, ಎರಡು ಸಲವಲ್ಲ, ಮೂರು ಸಲ ಊದಬೇಕು. ತಾಯಿ ಊದುವ ಹಾಗಿಲ್ಲ, ಅಜ್ಜಿ ಊದುವ ಹಾಗಿಲ್ಲ. ಊರಿಗೆಲ್ಲ ಹೆಸರೂದುವಾಕೆ ಒಬ್ಬಳೇ.

ಆಕೆಯೇ ನಮ್ಮ ದುಂಡವ್ವ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದರೇನು, ಊರಿನ ಮಕ್ಕಳೆಲ್ಲ ತಮ್ಮ ಹೆಸರು ಮೊದಲು ಕೇಳಿದ್ದು ಇವಳ ಬಾಯಿಂದ. ಬೀದಿಯಲ್ಲಿ ಹೊರಟರೆ ಮೀಸೆ ಹೊತ್ತ ಗಂಡಸರೂ ಬಗ್ಗಿ ಕಿವಿ ಒಡ್ಡುತ್ತಿದ್ದರು. "ಎವ್ವಾ, ನನ್ನ ಹೆಸರ ಮರತೇನಿ, ಇನ್ನೊಮ್ಮಿ ಊದು" ಅನ್ನುತ್ತಿದ್ದರು. ಅವಳು ಕಿವಿ ಹಿಂಡಿ ಕಳಿಸುತ್ತಿದ್ದಳು. ಅಷ್ಟು ಸಾಕಾಗಿತ್ತು ಅವಳಿಗೆ.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬೇವಿನ ಕಡ್ಡಿಯ ತುದಿ ಕೆಂಪಾಯಿತು. ನೋವಿಲ್ಲ, ಉರಿಯಿಲ್ಲ, ಬರೀ ರಕ್ತ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಉಗುಳಿ ಚಹಾ ಕುಡಿಯುತ್ತಿದ್ದಿರಿ, ನನಗೆ ಗೊತ್ತಿಲ್ಲವೇ. ದುಂಡವ್ವ ಮಾತ್ರ ಹೆದರಿಬಿಟ್ಟಳು. ಯಾಕೆಂದರೆ ಆ ಊರಿನ ಕಟ್ಟಳೆ ಹಾಗಿತ್ತು. ಹೆಸರೂದುವ ಬಾಯಲ್ಲಿ ರಕ್ತ ಕಾಣಬಾರದು.

ಕಡ್ಡಿ ಮುಟ್ಟಿಸಿದರೆ ತಾನೆ ರಕ್ತ? ಮುಟ್ಟಿಸದಿದ್ದರಾಯಿತು. ಅಂದಿನಿಂದ ಅವಳು ಒಸಡಿನ ಹತ್ತಿರ ಕಡ್ಡಿ ಒಯ್ಯಲಿಲ್ಲ. ನೀರು ಮುಕ್ಕಳಿಸಿ ಉಗುಳುತ್ತಿದ್ದಳು. ನೀರು ತಿಳಿಯಾಗಿರುತ್ತಿತ್ತು, ಬಾಯಿ ಮಡಿಯಾಯಿತು ಅಂದುಕೊಳ್ಳುತ್ತಿದ್ದಳು. ಒಸಡು ಜುಮ್ಮೆಂದಾಗ ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ಒತ್ತಿಕೊಳ್ಳುತ್ತಿದ್ದಳು. ಅಲ್ಲಿಗೆ ತಪ್ಪು ಎರಡಾಯಿತು, ಎಣಿಸಿಕೊಳ್ಳಿ.

ಒಂದು ವರ್ಷ ಹೋಯಿತು, ಎರಡು ಹೋಯಿತು, ಮೂರೂ ಹೋಯಿತು. ಕಿವಿ ಒಡ್ಡುತ್ತಿದ್ದ ಗಂಡಸರು ದೂರದಿಂದಲೇ ಕೈ ಮುಗಿಯತೊಡಗಿದರು. ಹೆಂಗಸರು ಅವಳು ಬಂದು ಕೂತರೆ ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಏಳುತ್ತಿದ್ದರು. ಎಲ್ಲರ ಮನೆಯಲ್ಲೂ ಒಂದೇ ಹೊತ್ತಿಗೆ ಹಾಲು ಉಕ್ಕುವ ಊರನ್ನು ನೀವು ಕಂಡಿದ್ದೀರಾ? ಪಕ್ಕದ ಮನೆಯ ಸತ್ಯವ್ವ, ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವಳು, ಕಂಡಾಗಲೆಲ್ಲ ಅವಳ ಕೈಯಲ್ಲಿ ಲವಂಗ ಇಡುತ್ತಿದ್ದಳು. ದುಂಡವ್ವ ಅದನ್ನು ಪ್ರೀತಿ ಅಂದುಕೊಂಡು ಅಗಿಯುತ್ತಿದ್ದಳು.

ಹೀಗಿರುವಾಗ ಒಂದು ಹೆಣ್ಣುಕೂಸಿನ ಕಿವಿಯಲ್ಲಿ ಹೆಸರೂದಿದಳು. ಕೂಸು ಮೋರೆ ತಿರುಗಿಸಿ ಅತ್ತಿತು. ಗಂಡುಕೂಸಿಗೆ ಊದಿದಳು. ಅದೂ ಅತ್ತಿತು. ಮೂರನೆಯದಕ್ಕೆ ಊದಲು ಬಗ್ಗಿದಳು, ಇನ್ನೂ ಬಾಯಿ ತೆರೆದಿರಲಿಲ್ಲ, ಅದು ಕಿರುಚಿ ನೀಲಿಯಾಯಿತು. ಊರಿನ ಹಿರಿಯರು ತಲೆ ಕೆರೆದುಕೊಂಡರು. ದುಂಡವ್ವನ ಬಾಯಿಗೆ ಶಾಪ ತಗುಲಿದೆ ಅಂದರು. ಮುಂದಿನ ಕೂಸಿಗೆ ಅವಳನ್ನು ಕರೆಯಲಿಲ್ಲ, ಅದರ ಮುಂದಿನದಕ್ಕೂ ಕರೆಯಲಿಲ್ಲ.

ಆಮೇಲೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದು ಮಾತೂ ಆಡದೆ ಹೊತ್ತು ಮುಳುಗುವ ದಿನಗಳು ಬಂದವು. ಸಂಜೆಯ ಹೊತ್ತು ಹೊಸ್ತಿಲಲ್ಲಿ ಕೂತು "ದುಂಡವ್ವಾ" ಅಂತ ತನ್ನ ಹೆಸರನ್ನೇ ಮೆಲ್ಲಗೆ ಕರೆದುಕೊಳ್ಳುತ್ತಿದ್ದಳು, ದನಿ ಇದೆಯೋ ಹೋಯಿತೋ ನೋಡಲು. ಓ ಅನ್ನುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಎತ್ತಿನ ವ್ಯಾಪಾರಿ ಲಾಲಸಾಬ ಆ ಊರ ಮೇಲೆ ಹಾಯ್ದು ಹೋಗುವಾಗ ಅವಳ ಮನೆ ಮುಂದೆ ನಿಂತು ನೀರು ಕೇಳಿದ. ಅವಳು ಮೋರೆ ತಿರುಗಿಸಿಕೊಂಡು ನೀರು ಹೊಯ್ದಳು.

"ಬಾಯಿ ಯಾಕ ಮುಚ್ಚಿಗೊಂಡಿ ತಾಯಿ?"

"ನನ್ನ ಬಾಯಿಗೆ ಶಾಪ ತಗಲೇತಿ. ಕೂಸುಗಳು ಅಳತಾವು."

"ಸೆರಗ ತಗಿ, ನೋಡೂಣು. ನಲವತ್ತು ವರ್ಷ ಎತ್ತಿನ ಬಾಯಿ ತಗದು ವಯಸ್ಸು ಹೇಳೀನಿ. ನನಗೇನೂ ಆಗೂದಿಲ್ಲ."

ಅವಳು ಸೆರಗು ತೆಗೆದಳು. ಲಾಲಸಾಬ ಹಿಂದೆ ಸರಿಯಲಿಲ್ಲ. ಬಗ್ಗಿ ನೋಡಿದ, ಮೂಸಿ ನೋಡಿದ.

"ಶಾಪಿಲ್ಲ ಏನಿಲ್ಲ. ಒಸಡು ಕೊಳತಾವು. ಬಾಯಿ ನಾರತೈತಿ, ಅದಕ್ಕ ಮಂದಿ ಸರದು ಕುಂದರತಾರ. ನಿನಗ ಯಾರೂ ಹೇಳಲಿಲ್ಲೇನು?"

"ಇಲ್ಲ" ಅಂದಳು. ಆಗ ಲವಂಗಗಳೆಲ್ಲ ಒಮ್ಮೆಲೇ ಅರ್ಥವಾದವು. ಊರಿಗೆಲ್ಲ ಗೊತ್ತಿತ್ತು, ಸತ್ಯವ್ವನಿಗೂ ಗೊತ್ತಿತ್ತು, ತನಗೊಬ್ಬಳಿಗೆ ಗೊತ್ತಿರಲಿಲ್ಲ. ಅವಳು ಬಿಂದಿಗೆ ಕೆಳಗಿಟ್ಟು ಅತ್ತಳು. ಲಾಲಸಾಬ ಅವಳ ಅಳು ಮುಗಿಯುವ ತನಕ ಕಾದು, ಸಂತೆಯ ಪಟ್ಟಣದಲ್ಲಿ ಹಲ್ಲಿನ ವೈದ್ಯೆ ಒಬ್ಬಳಿದ್ದಾಳೆ ಅಂತ ದಾರಿ ಹೇಳಿ ಹೋದ.

ಮರುದಿನವೇ ದುಂಡವ್ವ ಬುತ್ತಿ ಕಟ್ಟಿಕೊಂಡು ನಡೆದಳು. ವೈದ್ಯೆ ಕನ್ನಡಿ ಹಿಡಿದು ಅವಳ ಬಾಯನ್ನು ಅವಳಿಗೇ ತೋರಿಸಿದಳು. ಹಲ್ಲಿನ ಬುಡದಲ್ಲಿ ಹಳದಿ ಕಲ್ಲು ಕಟ್ಟಿತ್ತು, ಒಸಡು ಬಾತು ಕೆಂಪಾಗಿ ಹಲ್ಲು ಬಿಟ್ಟು ಕೆಳಗಿಳಿದಿತ್ತು.

"ಉಂಡ ಮ್ಯಾಲೆ ಹಲ್ಲಿನ ಬುಡಕ್ಕ ಪಾಚಿ ಕಟ್ಟತೈತಿ" ಅಂದಳು ವೈದ್ಯೆ. "ದಿನಾ ತಿಕ್ಕಿದ್ರ ಹೋಗತೈತಿ, ಬಿಟ್ರ ಕಲ್ಲಾಗತೈತಿ. ಒಸಡು ಬಾತು ರಕ್ತ ಬರೂದು ಅದಕ್ಕ. ರಕ್ತ ಬಂದಲ್ಲೇ ಹಗೂರಕ ತಿಕ್ಕಬೇಕಿತ್ತು. ನೀ ಅಲ್ಲೇ ಬಿಟ್ಟಿ."

"ಕಟ್ಟಳಿ ಹಂಗಿತ್ತವ್ವ."

"ಒಸಡಿಗೆ ಕಟ್ಟಳಿ ಏನ ಗೊತ್ತು. ಬಾಯಿ ತಗಿ."

ಮೂರು ಸಲ ಹೋದಳು. ಮೂರು ಸಲವೂ ವೈದ್ಯೆ ಒಸಡಿನ ಒಳಗಿನ ತನಕ ಕಲ್ಲು ಕೆರೆದು ತೆಗೆದಳು. ಒಂದು ಹಲ್ಲು ಅಲುಗಾಡಿ ಕೈಗೇ ಬಂತು. ಹಲ್ಲನ್ನು ಹಿಡಿದ ಎಲುಬು ಸವೆದಿದೆ, ಅದು ತಿರುಗಿ ಬೆಳೆಯುವುದಿಲ್ಲ, ಉಳಿದದ್ದನ್ನು ಕಾಪಾಡಿಕೊ ಅಂದಳು. ಮೆತ್ತನೆಯ ಬ್ರಷ್ ಕೊಟ್ಟು, ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಹಲ್ಲು ಒಸಡು ಕೂಡುವಲ್ಲಿ ಉಜ್ಜು ಅಂದಳು. ಹಲ್ಲಿನ ಸಂದಿಗೆ ದಾರ ಆಡಿಸುವುದನ್ನು ಕಲಿಸಿದಳು. ಹೊಗೆಸೊಪ್ಪು ಬಿಡಿಸಿದಳು, ಆರು ತಿಂಗಳಿಗೊಮ್ಮೆ ಬಂದು ತೋರಿಸು ಅಂದಳು. ಮೊದಲ ಎರಡು ವಾರ ರಕ್ತ ಬಂತು. ಆದರೂ ದುಂಡವ್ವ ಉಜ್ಜುವುದನ್ನು ನಿಲ್ಲಿಸಲಿಲ್ಲ. ಮೂರನೆಯ ವಾರಕ್ಕೆ ರಕ್ತ ನಿಂತಿತು, ನಾತವೂ ಹೋಯಿತು.

ಹೋಯಿತು ಅಂತ ನೀವು ನಗುತ್ತೀರಿ. ಕೇಳಿ, ನಾತ ಹೋದದ್ದು ಗೊತ್ತಾಗಬೇಕಾದರೆ ಯಾರಾದರೂ ಹತ್ತಿರ ಬರಬೇಕಲ್ಲ? ಯಾರೂ ಬರಲಿಲ್ಲ. ಹಾಲು ಹಾಗೇ ಉಕ್ಕುತ್ತಿತ್ತು, ಲವಂಗ ಹಾಗೇ ಬರುತ್ತಿತ್ತು. ಗುಣವಾದ ಬಾಯಿ ಇಟ್ಟುಕೊಂಡು ಅವಳು ಮೊದಲಿಗಿಂತ ಒಂಟಿಯಾದಳು.

ಆಗ ಸತ್ಯವ್ವನ ಮಗಳು ಹೆತ್ತಳು. ಹೆಸರೂದಲು ಹಿರಿಯರು ದುಂಡವ್ವನನ್ನು ಬಿಟ್ಟು, ಬೇರೆ ಯಾರೂ ಸಿಗದೆ, ಅಜ್ಜಿ ಊದುವ ಹಾಗಿಲ್ಲ ಅನ್ನುವುದನ್ನೂ ಬದಿಗಿಟ್ಟು ಸತ್ಯವ್ವನನ್ನೇ ಆರಿಸಿದರು. ಹದಿಮೂರನೆಯ ದಿನದ ಬೆಳಿಗ್ಗೆ ದುಂಡವ್ವ ಹಿತ್ತಲ ಬೇಲಿಯಾಚೆ ನೋಡಿದಳು. ಸತ್ಯವ್ವ ಹಲ್ಲುಜ್ಜುತ್ತಿದ್ದಳು. ಕಡ್ಡಿಯ ತುದಿ ನೋಡಿಕೊಂಡಳು, ಸುತ್ತಮುತ್ತ ನೋಡಿದಳು, ಕಡ್ಡಿಯನ್ನು ಮಣ್ಣಿನಲ್ಲಿ ಹೂತುಬಿಟ್ಟಳು.

ದುಂಡವ್ವ ಸುಮ್ಮನಿರಬಹುದಿತ್ತು. ಮೂರು ವರ್ಷ ಕಾದರೆ ಸತ್ಯವ್ವನ ಬಾಯಿಗೂ ಕೂಸುಗಳು ಮೋರೆ ತಿರುಗಿಸಿ ಅಳುತ್ತಿದ್ದವು. ಸುಮ್ಮನಿರಲೇ ಅಂತ ಅವಳಿಗೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಬೇಲಿ ಬಿಟ್ಟು ಸತ್ಯವ್ವನ ಮನೆಗೆ ಹೊರಟಳು.

ತೊಟ್ಟಿಲ ಮನೆಯಲ್ಲಿ ಹೆಂಗಸರೆಲ್ಲ ಕೂಡಿದ್ದರು. ಕರೆಯದೆ ದುಂಡವ್ವ ಒಳಗೆ ಬಂದಳು. ಎಲ್ಲರೂ ಗೋಡೆಗೆ ಸರಿದರು. ಅವಳು ನೆಟ್ಟಗೆ ಸತ್ಯವ್ವನ ಹತ್ತಿರ ಹೋಗಿ ಕೂತಳು. ನಾಲ್ಕು ಮಂದಿಯ ಮುಂದೆ ಗೆಳತಿಯ ಮಾನ ಹೋಗಬಾರದಲ್ಲ? ಸೆರಗು ಸರಿಸಿ, ಅವಳ ಕಿವಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು.

"ಸತ್ಯವ್ವ, ನಿನ್ನ ಒಸಡಿನಾಗ ರಕ್ತ ಬರತೈತಿ. ಮುಚ್ಚಿಡಬ್ಯಾಡ. ನಾಳೆ ನನ್ನ ಕೂಡ ಪಟ್ಟಣಕ್ಕ ಬಾ, ಹಲ್ಲು ಉಳಿತಾವು. ನನಗ ಯಾರೂ ಹೇಳಲಿಲ್ಲ, ನಿನಗ ನಾ ಹೇಳತೀನಿ."

ಸತ್ಯವ್ವ ಉಸಿರು ಬಿಗಿಹಿಡಿದಿದ್ದಳು, ರೂಢಿ ನೋಡಿ. ಆದರೆ ಎಷ್ಟು ಹೊತ್ತು ಹಿಡಿದಾಳು? ಉಸಿರು ಎಳೆದುಕೊಂಡಳು. ನಾತವಿಲ್ಲ. ಇನ್ನೊಮ್ಮೆ ಎಳೆದುಕೊಂಡಳು. ನಾತವಿಲ್ಲ. ಮೂರನೆಯ ಸಲ ಎಳೆದುಕೊಳ್ಳುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು.

"ನಾ ಹೇಳಬೇಕಿತ್ತು ದುಂಡೀ" ಅಂದಳು. "ನಾಚಿಕೆ ಬಂತು."

ಅಷ್ಟು ಹೇಳಿ ಕೂಸನ್ನು ತೆಗೆದು ದುಂಡವ್ವನ ಮಡಿಲಿಗೆ ಹಾಕಿದಳು. ದುಂಡವ್ವ ಬಗ್ಗಿ ಅದರ ಕಿವಿಯಲ್ಲಿ ಮೂರು ಸಲ ಹೆಸರೂದಿದಳು. ಕೂಸು ಏನು ಮಾಡಿತು?

ಅತ್ತಿತು. ಮನೆ ಹಾರಿಹೋಗುವಂತೆ ಅತ್ತಿತು. ಗೋಡೆ ಕಡೆಯ ಹೆಂಗಸರು ಒಬ್ಬರ ಮೋರೆ ಒಬ್ಬರು ನೋಡಿಕೊಂಡರು. ದುಂಡವ್ವ ಬಿಳುಚಿಕೊಂಡು ಸೆರಗಿಗೆ ಕೈ ಹಾಕಿ ಏಳಹೊರಟಳು. ಸತ್ಯವ್ವ ಅವಳ ರಟ್ಟೆ ಹಿಡಿದಳು.

"ಕೂಸು ಹಸದೈತಿ, ಅದರವ್ವಗ ಕೊಡು. ನೀ ಎತ್ತ ಹೊಂಟಿ? ಇಲ್ಲೇ ಕುಂದರು."

ಹಾಗಂದು ತಾನೇ ಜರುಗಿ, ತೊಡೆಗೆ ತೊಡೆ ತಾಗುವಂತೆ ಅವಳ ಮಗ್ಗುಲಿಗೆ ಕೂತಳು. ಅವತ್ತು ಯಾರ ಮನೆಯಲ್ಲೂ ಹಾಲು ಉಕ್ಕಲಿಲ್ಲ.

ಅವರು ಅಲ್ಲಿ ಮಗ್ಗುಲಿಗೆ ಮಗ್ಗುಲು ಕೂತರು, ನಾವು ಇಲ್ಲಿ ಕೂತಿದ್ದೇವೆ. ಕತೆ ಆ ಸೀಮೆಗೆ ಹೋಯಿತು, ನೀವು ನಿಮ್ಮ ಮನೆಗೆ ಹೋಗಿ. ಬಾಯಿ ಉಜ್ಜಿ ಮಲಗಿ.