ಶ್ರೀಮಾನ್ ನೋಡುವ

ಸಿನಿಮಾ ಅಲ್ಲ ಅಂತ ಆಗಲೇ ಹೇಳಿದೆನಲ್ಲ ಅತ್ತೆ, ವೀಡಿಯೊ! ಸಿನಿಮಾ ಆದರೆ ಟಾಕೀಸಿಗೆ ಹೋಗಬೇಕು, ಇದು ಟಿ.ವಿ.ಯಲ್ಲೇ ಬರುತ್ತದೆ. ರುಕಿಯಮ್ಮನ ಮಗ ಉಸ್ಮಾನ್ ದುಬೈಯಿಂದ ತಂದ ಕ್ಯಾಮರಾ. ಭಾರ ಎಷ್ಟು ಗೊತ್ತುಂಟಾ? ಹೆಗಲ ಮೇಲೆ ಅಕ್ಕಿಮುಡಿ ಹೊತ್ತ ಹಾಗೆ! ಆ ಬಸಳೆ ಈಚೆ ಕೊಡಿ, ನಾನು ಎಲೆ ಬಿಡಿಸುತ್ತೇನೆ, ನೀವು ದಂಟು ಕೊಯ್ಯಿರಿ.

ಎಂತಕ್ಕೆ ಅಂದರೆ... ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ. ಪ್ರತಿ ಸಲ ನಾಟಕ, ಈ ಸಲ ವೀಡಿಯೊ ಅಂತ. ಮಂಡಲ ಪಂಚಾಯತಿನ ಚುನಾವಣೆಯೂ ಬಂತಲ್ಲ, ಒಬ್ಬ ಸುಳ್ಳು ಅಭ್ಯರ್ಥಿಯನ್ನು ಬೀದಿಗೆ ಬಿಡುವುದು, ಹೋಗುವವರು ಬರುವವರು ಎಂತ ಹೇಳುತ್ತಾರೆ ಅಂತ ತೆಗೆಯುವುದು. ಅಭ್ಯರ್ಥಿ ಯಾರು ಹೇಳಿ? ಟೈಲರ್ ಹೆರಾಲ್ಡ್! ...ಅಯ್ಯೋ, ಈಗಲೇ ಎಂತ ನಗುವುದು? ಇನ್ನೂ ಹೇಳಲೇ ಇಲ್ಲ ನಾನು. ಬಿಳಿ ಜುಬ್ಬಾ ಅವನೇ ಹೊಲಿದುಕೊಂಡ, ಕುತ್ತಿಗೆಗೆ ಸೇವಂತಿಗೆ ಮಾಲೆ. ಹೆಸರು 'ಶ್ರೀಮಾನ್ ನೋಡುವ'. ಯಾರು ಎಂತ ಕೇಳಿದರೂ ಒಂದೇ ಮಾತು: 'ನೋಡುವ, ನೋಡುವ!' ಮೈಕ್ ಹಿಡಿಯುವುದು ನಾನು. ಹಾಗೆ ನೋಡಬೇಡಿ... ನಿಮ್ಮ ಮಗನೇ ಹೋಗು ಅಂದದ್ದು.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕೊಡೆ ಮಡಚಿ ಬಂದರು. 'ಸ್ವಾಮೀ, ನನ್ನ ಮಗಳಿಗೊಂದು ಗಂಡು ಬೇಕಿತ್ತು.' ಇವನು, 'ನೋಡುವ.' 'ಹಾಗಾದರೆ ಯಾವಾಗ ನೋಡಲು ಬರುತ್ತೀರಿ?' ಹೆರಾಲ್ಡ್ ಜುಬ್ಬಾ ಎತ್ತಿಕೊಂಡು ಒಂದೇ ಓಟ! ಉಸ್ಮಾನ್ ನಗುವಾಗ ಕ್ಯಾಮರಾ ಅಲುಗಿ, ಟಿ.ವಿ.ಯಲ್ಲಿ ನೋಡಿದರೆ ಇಡೀ ಬಸ್‌ಸ್ಟ್ಯಾಂಡೇ ಕುಣಿಯುತ್ತದೆ. ಮಣಿಪಾಲದ ಕಾಲೇಜು ಹುಡುಗರಿಗೆ ಸಮುದ್ರವನ್ನು ಗುಡ್ಡೆ ಮೇಲೆ ತಂದು ಕೊಡಬೇಕಂತೆ! ಕಾರ್ಕಳದಲ್ಲಿ ಮಾತ್ರ ಒಬ್ಬರು ಅಜ್ಜಿ... ಪಾಪ, ನಿಜ ಅಂತಲೇ ತಿಳಿದರು. ಹೆರಾಲ್ಡನ ತಲೆ ಸವರಿ, 'ಇಷ್ಟು ಹೊತ್ತು ನಿಂತು ನನ್ನ ಮಾತು ಕೇಳಿದವನು ನೀನೊಬ್ಬನೇ ಮಗಾ' ಅಂದರು.

ಹೇಗೆ ಮಾಡುತ್ತಾನೆ ಅಂತಲಾ? ಹೀಗೆ... ತಲೆ ಸ್ವಲ್ಪ ಓರೆ, ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸಿ, 'ನೋ...ಡುವ!'

...ಅತ್ತೆ? ನಗು ಯಾಕೆ ನಿಲ್ಲಿಸಿದಿರಿ?

ಹೌದು. ಕೃಷ್ಣರಾಜ ಮಾವನ ಹಾಗೆಯೇ. ಹೆರಾಲ್ಡ್ ಬೇಕೆಂದು ಮಾಡಿದ್ದಲ್ಲ... ಸರಿ ಸರಿ, ಬೇಕೆಂದೇ ಮಾಡಿದ್ದು. ನಿಮ್ಮ ತಮ್ಮ ಒಳ್ಳೆಯವರು ಅಂತ ನನಗೂ ಗೊತ್ತುಂಟು. ಯಾರ ಹಂಗಿಗೂ ಬಿದ್ದವರಲ್ಲ, ಯಾರಿಗೂ ಗಟ್ಟಿಯಾಗಿ ಒಂದು ಮಾತು ಹೇಳಿದವರಲ್ಲ. ಆದರೆ ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಪಂಚಾಯತಿನ ಮೆಂಬರು... ಈ ಊರಲ್ಲಿ ಅವರು ಒಂದು ಕೆಲಸ ಮಾಡಿದ್ದು ಹೇಳಿ ನೋಡುವ? ...ಬೇಡ, ಬೇಡ. ಕೊಯ್ಯಿರಿ ನೀವು.

ಕೊನೆಗೆ ನಮ್ಮ ಕಾಪುವಿನಲ್ಲಿ ತೆಗೆದೆವು, ಮೀನು ಮಾರ್ಕೆಟ್ಟಿನಲ್ಲಿ. ಮೀನು ಮಾರುವ ಕುಶಲಾ, ನಿಮಗೆ ಗೊತ್ತುಂಟು, ಬಂಗುಡೆ ತರುತ್ತಾಳಲ್ಲ, ಅವಳ ಎದುರು ಮೈಕ್ ಹಿಡಿದೆ. ತಮಾಷೆಗೆ, 'ಶ್ರೀಮಾನ್ ನೋಡುವ ಬಂದಿದ್ದಾರೆ, ಎಂತ ಬೇಕು ಕೇಳು' ಅಂದೆ. ಅವಳು ನಗಲಿಲ್ಲ ಅತ್ತೆ. ಅವನನ್ನು ನೋಡಲೂ ಇಲ್ಲ, ನನ್ನನ್ನೇ ನೋಡಿದಳು. 'ಹೆಂಗಸರಿಗೆ ಇಲ್ಲೊಂದು ಕಕ್ಕಸು ಬೇಕು ಅಕ್ಕ. ನಸುಕಿಗೆ ಮನೆ ಬಿಟ್ಟರೆ ಮೀನು ಮುಗಿಯುವವರೆಗೆ ಒಂದು ಗುಟುಕು ನೀರು ಕುಡಿಯುವುದಿಲ್ಲ ನಾನು. ಕುಡಿದರೆ ಹೋಗುವುದೆಲ್ಲಿಗೆ?'

ಹೆರಾಲ್ಡ್ ಬಾಯಿ ತೆರೆದ. 'ನೋ' ಅಂದ... ಅಷ್ಟೇ. ಕುತ್ತಿಗೆಯ ಮಾಲೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಗ ಯಾರೋ, 'ನಾನು ಮಾಡಿಸುತ್ತೇನೆ' ಅಂದರು. ತಿರುಗಿ ನೋಡುತ್ತೇನೆ, ಎಲ್ಲರೂ ನನ್ನನ್ನೇ ನೋಡುವುದು... ಅಂದದ್ದು ನಾನೇ ಮಾರಾಯ್ರೆ! ಜನ ಚಪ್ಪಾಳೆ ತಟ್ಟಿದರು, ಅದೂ ವೀಡಿಯೊದ ತಮಾಷೆಯೇ ಅಂತ ತಿಳಿದು. ಕುಶಲಾ ಮಾತ್ರ, 'ಹಾಗಾದರೆ ಚುನಾವಣೆಗೆ ನೀವೇ ನಿಲ್ಲುವುದಾ?' ಅಂತ ಕೇಳಿದಳು.

ಅಷ್ಟೇ ಕಥೆ. ಮತ್ತೆ ರುಕಿಯಮ್ಮನ ಮನೆಗೆ ಬಂದೆವು, ಉಸ್ಮಾನ್ ಟಿ.ವಿ.ಗೆ ಹಾಕಿ ತೋರಿಸಿದ, ರುಕಿಯಮ್ಮ ಚಹಾ ಕೊಟ್ಟರು...

ದಂಟು ಕೊಯ್ಯುವುದು ಯಾಕೆ ನಿಲ್ಲಿಸಿದಿರಿ?

ಎಂತ ಅತ್ತೆ? ಹೇಳಿದೆನಲ್ಲ, ಅಷ್ಟೇ. ಅವಳು ಕೇಳಿದಳು, ನಾನು... ನಾನು ನಕ್ಕೆ. ...ಇಲ್ಲ. ನಗಲಿಲ್ಲ.

ಹಾಗೆ ಸುಮ್ಮನೆ ನೋಡಬೇಡಿ! ಒಂದು ಸಲ ಬೈಯ್ಯಿರಿ, ಆಗಬಹುದು. ನಿನ್ನೆ ನಾನು ಪೇಟೆಗೆ ಹೋದದ್ದು ರವಿಕೆ ಬಟ್ಟೆಗಲ್ಲ. ನಾಮಪತ್ರ ಕೊಟ್ಟು ಬಂದೆ. ಕೃಷ್ಣರಾಜ ಮಾವ ನಿಂತ ಸೀಟಿಗೇ. ನಿಮ್ಮ ಮಗ, 'ಅಮ್ಮನಿಗೆ ನೀನೇ ಹೇಳಬೇಕು' ಅಂದರು. ಬೆಳಗಿನಿಂದ ಈ ವೀಡಿಯೊ ಕಥೆ ಹೇಳುತ್ತಿರುವುದು ಅದನ್ನು ಹೇಳಲು ಧೈರ್ಯ ಬರಲಿ ಅಂತ...

ಎಲ್ಲಿಗೆ ಎದ್ದಿರಿ? ಅತ್ತೆ... ಮಾವನ ಮನೆಗಾ? ನೀವು ಹೇಳಬೇಡಿ, ದಮ್ಮಯ್ಯ. ಬೇರೆಯವರ ಬಾಯಿಯಿಂದ ಅವರು ಇದನ್ನು ಕೇಳಬಾರದು. ನಾನೇ ಎದುರು ನಿಂತು ಹೇಳುತ್ತೇನೆ. ನೀವು ಬರೀ ಪಕ್ಕದಲ್ಲಿ ಕೂತರೆ ಸಾಕು, ಒಂದು ಮಾತೂ ಆಡುವುದು ಬೇಡ...

ಮೆಟ್ಟಿಲಲ್ಲಿ ಬಗ್ಗಿ ಎಂತ ಮಾಡುವುದು ನೀವು? ಅಯ್ಯಯ್ಯೋ, ಬಿಡಿ ಅತ್ತೆ, ಬಿಡಿ! ಸೊಸೆ ಮೆಟ್ಟಲಿಕ್ಕೆ ಅಂತ ಅತ್ತೆ ಚಪ್ಪಲಿ ಜೋಡಿಸಿ ಇಡುವುದಾ!

...ಬಂದೆ. ಕೈ ತೊಳೆದು ಬಂದೆ, ಇಗೊಳ್ಳಿ.